ತೋಟದಲ್ಲಿ ಸೆನ್ಸರ್ ಯಂತ್ರ: ನಿಲ್ಲಿಸುವ ಕ್ರಮ, ಪರೀಕ್ಷಿಸುವ ಕ್ರಮ, ಬಳಸುವ ಕ್ರಮ



ತೋಟದಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಸೌರಫಲಕವನ್ನೂ ನಾಲ್ಕಾರು ಸೆನ್ಸರುಗಳನ್ನೂ ಜೋಡಿಸಿ, ಮಳೆ, ಗಾಳಿ, ಉಷ್ಣತೆ ಮತ್ತು ಮಣ್ಣಿನ ತೇವದ ಅಂಕಿಗಳನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡುವ ಯಂತ್ರಗಳು ಈಗ ನಮ್ಮ ಕಡೆಗೂ ಬಂದಿವೆ. ಇದನ್ನು ಕೊಳ್ಳಬಹುದೇ, ಕೊಂಡರೆ ಹಾಕಿದ ಹಣ ಹುಟ್ಟೀತೇ ಎಂದು ಹಲವು ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುವುದು ಮೇಲೆಂದು ತೋರಿತು.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ತಾನು ನಿಂತ ಜಾಗದ ಸುದ್ದಿಯನ್ನು ಮಾತ್ರ ಹೇಳುತ್ತದೆ. ಕಾದ ತಗಡಿನ ಮೇಲೆ ನಿಲ್ಲಿಸಿದರೆ ತಗಡಿನ ಬಿಸಿಯನ್ನು ಹೇಳುತ್ತದೆ. ಮರದಡಿ ನಿಲ್ಲಿಸಿದರೆ ಎಲೆಯಿಂದ ತೊಟ್ಟಿಕ್ಕಿದ ನೀರನ್ನು ಮಳೆಯೆಂದು ಹೇಳುತ್ತದೆ. ಆದ್ದರಿಂದ ಯಂತ್ರದ ಬೆಲೆಗಿಂತಲೂ ಅದನ್ನು ನಿಲ್ಲಿಸಿದ ಜಾಗ ಮತ್ತು ನಂಬುವ ಮೊದಲು ನಾವು ಮಾಡುವ ಪರೀಕ್ಷೆ ಇವೆರಡೇ ಅದರ ಉಪಯೋಗವನ್ನು ನಿರ್ಧರಿಸುತ್ತವೆ.

ಇದು ನಮಗೆ ತೀರಾ ಹೊಸದೇ?

ಅಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಲೆಕ್ಕದ ಪುಸ್ತಕ ಇಡುವ ಪದ್ಧತಿ ಇದೆ. ಇಂದಿಗೂ ಹಿರಿಯರು ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುತ್ತಾರೆ. 100 ಸೆಂಟು ಎಂದರೆ 1 ಇಂಚು, ಅಂದರೆ 25.4 ಮಿ.ಮೀ. ದೂರದಿಂದ ಯಂತ್ರವನ್ನು ಮಾತನಾಡಿಸುವುದೂ ನಮಗೆ ಗೊತ್ತಿದೆ. ಕೊಳವೆ ಬಾವಿಯ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರುವ ರೈತರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ಸಿಮ್ ನಮ್ಮ ಆಜ್ಞೆಯನ್ನು ಮೋಟಾರಿಗೆ ಒಯ್ಯುತ್ತದೆ. ಇಲ್ಲಿ ಸಿಮ್ ತೋಟದ ಸುದ್ದಿಯನ್ನು ನಮಗೆ ತರುತ್ತದೆ. ವ್ಯತ್ಯಾಸ ಇಷ್ಟೇ.

ಇದೇ ಕೆಲಸವನ್ನು ಸರ್ಕಾರವು ರಾಜ್ಯದಾದ್ಯಂತ ಮಾಡುತ್ತಿದೆ. ನಮ್ಮ ನೆರೆಯ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ, 2007ರಲ್ಲಿ ಈಗಿನ ಹೆಸರು ಪಡೆಯಿತು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಪೂರ್ಣ ಹವಾಮಾನ ಮಾಪಕಗಳನ್ನು ಅದು ಸ್ಥಾಪಿಸಿದೆ. ಬಿಸಿಲಿನಿಂದ ವಿದ್ಯುತ್ ಪಡೆಯುವ ಈ ಯಂತ್ರಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕಕ್ಕೆ ಅಂಕಿಗಳನ್ನು ಕಳುಹಿಸುವಂತೆ ರಚಿತವಾದವು. ಅದೇ ಕೇಂದ್ರದ ‘ವರುಣ ಮಿತ್ರ’ ಎಂಬ ದೂರವಾಣಿ ಸೇವೆಯಲ್ಲಿ ರೈತರು ತಮ್ಮ ಕಡೆಯ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ಕೇಳಿ ತಿಳಿಯಬಹುದು.

ಹಾಗಾದರೆ ನಮ್ಮದೇ ಯಂತ್ರ ಏಕೆ ಬೇಕು? ಎರಡು ಕಾರಣಗಳುಂಟು. ಮೊದಲನೆಯದು, ಬಯಲುಸೀಮೆಯ ಗುಡುಗು ಮಳೆ ಎತ್ತಿನ ಒಂದು ಕೋಡು ನೆನೆಸಿ ಇನ್ನೊಂದನ್ನು ಒಣಗಲು ಬಿಡುವಂಥದು. ಪಂಚಾಯ್ತಿ ಕಚೇರಿಯ ಬಳಿ ಬಿದ್ದದ್ದು ಎರಡು ಮೈಲಿ ಆಚೆಯ ತೋಟದಲ್ಲಿ ಬಿದ್ದಿರಲೇಬೇಕೆಂದಿಲ್ಲ. ಎರಡನೆಯದು, ಬಿದ್ದ ಮಳೆಯಲ್ಲಿ ಅಡಿಕೆಯ ಬೇರಿಗೆ ತಲುಪಿದ್ದೆಷ್ಟು ಎಂಬುದನ್ನು ನಮ್ಮ ಮಣ್ಣಿನಲ್ಲಿ ಹೂಳಿದ ಸೆನ್ಸರ್ ಮಾತ್ರ ಹೇಳಬಲ್ಲದು.

ಯಂತ್ರದ ಭಾಗಗಳು

ಮಾರಾಟಗಾರರು ಯಾವ ಹೆಸರಿಟ್ಟರೂ ಒಳಗಿನ ಭಾಗಗಳು ಬಹುತೇಕ ಒಂದೇ.

1. ಮಳೆ ಮಾಪಕ: ಮೇಲೊಂದು ಆಲಿಕೆ, ಒಳಗೆ ಏತದಂತೆ ಅತ್ತಿತ್ತ ವಾಲುವ ಪುಟ್ಟ ಬಟ್ಟಲು. ನಿಗದಿಯಾದಷ್ಟು ನೀರು ತುಂಬಿದೊಡನೆ ಬಟ್ಟಲು ಮಗುಚುತ್ತದೆ. ಯಂತ್ರ ಒಂದು ಎಣಿಸಿಕೊಳ್ಳುತ್ತದೆ.

2. ಉಷ್ಣತೆ ಮತ್ತು ಗಾಳಿಯ ತೇವಾಂಶದ ಸೆನ್ಸರ್: ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುವ ಬಿಳಿಯ ಗೂಡಿನೊಳಗೆ ಇರುತ್ತದೆ. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಗೂಡು ಇರುವುದು ಅದಕ್ಕೇ.

3. ಎಲೆ ತೇವದ ಸೆನ್ಸರ್: ಎಲೆಯಾಕಾರದ ಚಪ್ಪಟೆ ತಗಡು. ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತೆಂದು ತಿಳಿಸುತ್ತದೆ. ಶಿಲೀಂಧ್ರ ರೋಗಗಳ ವಿಷಯದಲ್ಲಿ ಇದು ಮುಖ್ಯ.

4. ಮಣ್ಣಿನ ತೇವದ ಸೆನ್ಸರುಗಳು: ಸಾಮಾನ್ಯವಾಗಿ ಎರಡು, ಎರಡು ಆಳಗಳಲ್ಲಿ ಹೂಳುವಂಥವು.

5. ಪೆಟ್ಟಿಗೆ: ಇದರಲ್ಲಿ ಬ್ಯಾಟರಿ, ಅಂಕಿಗಳನ್ನು ಕೂಡಿಡುವ ಸಣ್ಣ ಕಂಪ್ಯೂಟರು ಮತ್ತು ಸಿಮ್ ಇರುತ್ತವೆ. ಮೇಲೆ ಸೌರಫಲಕ.

ಕೆಲವು ಯಂತ್ರಗಳಲ್ಲಿ ಸಿಮ್ ಇರುವ ಒಂದು ಮುಖ್ಯ ಪೆಟ್ಟಿಗೆಗೆ ತೋಟದ ಬೇರೆ ಬೇರೆ ಮೂಲೆಗಳಲ್ಲಿರುವ ಸಣ್ಣ ಪೆಟ್ಟಿಗೆಗಳು ರೇಡಿಯೋ ಅಲೆಗಳ ಮೂಲಕ ಸುದ್ದಿ ಕೊಡುತ್ತವೆ. ಇದಕ್ಕೆ ಲೋರಾ ಎಂದು ಹೆಸರು. ಬಯಲಿನಲ್ಲಿ ಇದು ಕೆಲವು ಕಿಲೋಮೀಟರ್ ದೂರ ಹೋಗುತ್ತದೆ. ದಟ್ಟವಾದ ಅಡಿಕೆ ತೋಟದಲ್ಲಿ ದೂರ ಬಹಳ ಕಡಿಮೆಯಾಗುತ್ತದೆ. ಹೇಳಿದ ದೂರವನ್ನು ನಿಮ್ಮ ತೋಟದಲ್ಲೇ ತೋರಿಸಿಕೊಡುವಂತೆ ಮಾರುವವರನ್ನು ಕೇಳಿ.

ಎಲ್ಲಿ ನಿಲ್ಲಿಸಬೇಕು?

ಮಳೆ ಮಾಪಕದ ವಿಷಯದಲ್ಲಿ ಒಪ್ಪಿತವಾದ ನಿಯಮ ಒಂದಿದೆ. ಸುತ್ತಲಿನ ಮರ ಅಥವಾ ಕಟ್ಟಡವು ಮಾಪಕದ ಬಾಯಿಗಿಂತ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿ ಮಾಪಕವಿರಬೇಕು. ಮಾಪಕಕ್ಕಿಂತ 12 ಮೀಟರ್ ಎತ್ತರದ ಅಡಿಕೆ ಮರವಿದ್ದರೆ 24 ಮೀಟರ್ ದೂರ ಬೇಕು. ಅಂದರೆ ತೋಟದ ನಡುವೆ ಮಳೆ ಮಾಪಕಕ್ಕೆ ಜಾಗವೇ ಇಲ್ಲ ಎಂದಾಯಿತು. ಕಣ, ರಾಗಿ ಹೊಲ ಅಥವಾ ತೋಟದ ಹೊರಗಿನ ಬಯಲಿನಲ್ಲಿ ಅದನ್ನು ನಿಲ್ಲಿಸತಕ್ಕದ್ದು.

ಉಷ್ಣತೆಯ ಸೆನ್ಸರು ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಕಾಂಕ್ರೀಟು, ತಗಡಿನ ಚಾವಣಿ ಮತ್ತು ಬಂಡೆಯಿಂದ ದೂರದಲ್ಲಿರಬೇಕು. ಕಳ್ಳರ ಭಯದಿಂದ ಮೋಟಾರ್ ಮನೆಯ ತಗಡಿನ ಮೇಲೆ ಕೂರಿಸುವ ಪದ್ಧತಿ ಕೆಲವು ಕಡೆ ಇದೆ. ಹಾಗೆ ಮಾಡಿದರೆ ಮಧ್ಯಾಹ್ನದ ಅಂಕಿ ಯಾವ ಕೆಲಸಕ್ಕೂ ಬಾರದು. ಬೇಲಿ ಹಾಕಿ ನೆಲದ ಮೇಲೆ ನಿಲ್ಲಿಸುವುದೇ ಸರಿ.

ಎಲೆ ತೇವ ಮತ್ತು ಮಣ್ಣಿನ ತೇವದ ಸೆನ್ಸರುಗಳದ್ದು ಇದಕ್ಕೆ ತದ್ವಿರುದ್ಧ. ಅವು ತೋಟದ ಒಳಗೇ, ನೆರಳಿನಲ್ಲೇ ಇರಬೇಕು. ನಮಗೆ ಬೇಕಾದದ್ದು ಅಲ್ಲಿನ ಸ್ಥಿತಿ. ಎಲ್ಲವನ್ನೂ ಒಂದೇ ಕಂಬಕ್ಕೆ ಕಟ್ಟಿಕೊಡುವ ಯಂತ್ರ ನೋಡಲು ಚೆಂದ, ಆದರೆ ಅಡಿಕೆ ತೋಟಕ್ಕೆ ಹೊಂದುವುದು ಕಷ್ಟ. ಹೊರಗೊಂದು ಕಂಬ, ಒಳಗೊಂದು ಪೆಟ್ಟಿಗೆ ಇರುವ ವ್ಯವಸ್ಥೆಯನ್ನೇ ಕೇಳಿ ಪಡೆಯಿರಿ. ಕೊನೆಯಪಕ್ಷ ಒಳಗಿನ ಸೆನ್ಸರುಗಳಿಗೆ ಸಾಕಷ್ಟು ಉದ್ದದ ವೈರು ಇರಲಿ.

ಸೌರಫಲಕ ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿರಬೇಕು. ನಮ್ಮ ಜಿಲ್ಲೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅಷ್ಟೇ ಡಿಗ್ರಿ ಓರೆ ಸಾಕು. ಮಳೆ ಮಾಪಕದ ಬಾಯಿ ಮಾತ್ರ ಎಳ್ಳಷ್ಟೂ ಓರೆಯಾಗಿರಬಾರದು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ ಕಂಬವನ್ನು ಭದ್ರಪಡಿಸಿ. ಬಯಲಿನ ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಮಾಡಿಸುವುದನ್ನು ಮರೆಯಬೇಡಿ.

ಮಣ್ಣಿನ ಸೆನ್ಸರ್ ಹೂಳುವ ಕ್ರಮ

ಬಹುತೇಕ ಯಂತ್ರಗಳು ಕೆಡುವುದು ಇಲ್ಲಿಯೇ. ತೋಟದ ಸರಾಸರಿ ಮರವೊಂದನ್ನು ಆರಿಸಿ. ಅಂಚಿನದು ಬೇಡ, ತಗ್ಗಿನದು ಬೇಡ, ಕಾಲುವೆ ಪಕ್ಕದ್ದೂ ಬೇಡ. ಬುಡದಿಂದ ಒಂದು ಮೀಟರಿನೊಳಗೆ, ಡ್ರಿಪ್ಪರಿನಿಂದ ಸುಮಾರು ಒಂದು ಅಡಿ ಸರಿದು ಜಾಗ ಗುರುತಿಸಿ. ಡ್ರಿಪ್ಪರಿನ ಕೆಳಗೇ ಇಟ್ಟರೆ ಅಂಕಿ ಸದಾ ತೇವವನ್ನೇ ತೋರಿಸುತ್ತದೆ. ಸಾಲಿನ ನಡುವೆ ಇಟ್ಟರೆ ಸದಾ ಒಣಗಿದ್ದನ್ನೇ ತೋರಿಸುತ್ತದೆ.

ಮೊದಲನೆಯ ಸೆನ್ಸರನ್ನು 25 ಸೆಂ.ಮೀ. ಆಳದಲ್ಲಿ, ಎರಡನೆಯದನ್ನು 60 ಸೆಂ.ಮೀ. ಆಳದಲ್ಲಿ ಹೂಳಬಹುದು. ಗುಂಡಿ ತೋಡುವಾಗ ಮೇಲ್ಮಣ್ಣು, ಒಳಮಣ್ಣುಗಳನ್ನು ಬೇರೆ ಬೇರೆ ಹಾಕಿಕೊಂಡು ಅದೇ ಕ್ರಮದಲ್ಲಿ ಮುಚ್ಚಬೇಕು. ಸೆನ್ಸರಿನ ಸುತ್ತ ಗಾಳಿ ಉಳಿಯಲೇಬಾರದು. ಅದೇ ಗುಂಡಿಯ ಮಣ್ಣಿನಿಂದ ಕಲ್ಲು ಆರಿಸಿ, ಜರಡಿ ಹಿಡಿದು, ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸೆನ್ಸರಿನ ಸುತ್ತ ತುಂಬಿದರೆ ಅದು ಮಣ್ಣಿಗೆ ಅಂಟಿಕೊಳ್ಳುತ್ತದೆ. ವೈರನ್ನು ಪಿ.ವಿ.ಸಿ. ಪೈಪಿನೊಳಗೆ ಹಾಯಿಸಿ, ಪೈಪಿನ ಎರಡೂ ಬಾಯಿಗಳನ್ನು ಮುಚ್ಚಿ. ಇಲಿ, ಹೆಗ್ಗಣಗಳಿಗೆ ವೈರಿನ ರುಚಿ ಬೇಗ ಹತ್ತುತ್ತದೆ. ಹೂಳಿದ ಜಾಗಕ್ಕೆ ಗೂಟ ಹೊಡೆದು ಬಣ್ಣ ಬಳಿಯಿರಿ. ಇಲ್ಲವಾದರೆ ಮುಂದಿನ ಅಗತೆಯಲ್ಲಿ ಗುದ್ದಲಿ ಅದರ ಮೇಲೇ ಬೀಳುತ್ತದೆ.

ಸಿಮ್, ಸಿಗ್ನಲ್, ಬ್ಯಾಟರಿ

ಯಂತ್ರ ಯಾವ ಜಾಲದಲ್ಲಿ ಕೆಲಸ ಮಾಡುತ್ತದೆಂದು ಮೊದಲೇ ಕೇಳಿ. ಕಡಿಮೆ ಬೆಲೆಯ ಕೆಲವು ಯಂತ್ರಗಳು 2ಜಿ ಜಾಲಕ್ಕಾಗಿ ಮಾಡಿದವು. ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಅಂಥ ಯಂತ್ರಕ್ಕೆ ಆ ಸಿಮ್ ಹಾಕಿದರೆ ಉಪಯೋಗವಿಲ್ಲ. ಕಂಬ ನೆಡುವ ಜಾಗದಲ್ಲಿ ಅದೇ ಕಂಪನಿಯ ಸಿಮ್ ಇರುವ ಮೊಬೈಲ್ ಹಿಡಿದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಿಗ್ನಲ್ ನೋಡಿ.

ಸಿಗ್ನಲ್ ಇಲ್ಲದ ಹೊತ್ತಿನ ಅಂಕಿಗಳನ್ನು ಯಂತ್ರ ತನ್ನಲ್ಲೇ ಕೂಡಿಟ್ಟು, ಜಾಲ ಸಿಕ್ಕಿದ ಮೇಲೆ ಕಳುಹಿಸುತ್ತದೆಯೇ? ಇದು ಬಹಳ ಮುಖ್ಯವಾದ ಪ್ರಶ್ನೆ. ನಮಗೆ ಅಂಕಿ ಬೇಕಾಗುವುದು ಗುಡುಗು ಮಳೆಯ ದಿನ. ಕರೆಂಟೂ ಸಿಗ್ನಲ್ಲೂ ಹೋಗುವುದು ಅದೇ ದಿನ. ಮೊಬೈಲಿನಲ್ಲಿ ನೋಡುವಾಗ ‘ಸೊನ್ನೆ’ ಬೇರೆ, ‘ಖಾಲಿ’ ಬೇರೆ ಎಂಬುದು ನೆನಪಿರಲಿ. ಸೊನ್ನೆ ಎಂದರೆ ಮಳೆ ಬಂದಿಲ್ಲ. ಖಾಲಿ ಎಂದರೆ ಸುದ್ದಿ ಬಂದಿಲ್ಲ. ಕೆಲವು ಯಂತ್ರಗಳು ಖಾಲಿಯನ್ನೂ ಸೊನ್ನೆಯೆಂದೇ ತೋರಿಸುತ್ತವೆ. ಅಂಥದ್ದನ್ನು ಕೊಳ್ಳದಿರುವುದು ಲೇಸು.

ಬ್ಯಾಟರಿಯ ವೋಲ್ಟೇಜನ್ನು ವಾರಕ್ಕೊಮ್ಮೆ ನೋಡಿ. ಮೋಡದ ದಿನಗಳಲ್ಲಿ ಸ್ವಲ್ಪ ಇಳಿದು ಬಿಸಿಲು ಬಂದೊಡನೆ ಏರಿದರೆ ಚಿಂತೆಯಿಲ್ಲ. ಬಿಸಿಲಿದ್ದರೂ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಫಲಕದ ಮೇಲೆ ಧೂಳು ಕುಳಿತಿರಬಹುದು, ನೆರಳು ಬೀಳುತ್ತಿರಬಹುದು ಅಥವಾ ಬ್ಯಾಟರಿ ಮುಗಿದಿರಬಹುದು.

ನಂಬುವ ಮೊದಲು ಪರೀಕ್ಷೆ

ಯಂತ್ರ ನಿಲ್ಲಿಸಿದ ಮರುದಿನದಿಂದಲೇ ಅದರ ಮಾತಿನಂತೆ ನಡೆಯಬಾರದು. ಒಂದು ತಿಂಗಳಾದರೂ ಪರೀಕ್ಷೆಯ ಕಾಲವೆಂದು ಬಿಡಬೇಕು. ಈ ಪರೀಕ್ಷೆಗಳಿಗೆ ತಜ್ಞರು ಬೇಕಿಲ್ಲ.

ಮಳೆ ಮಾಪಕ: ಆಲಿಕೆಯ ಬಾಯಿಯ ಅಗಲವನ್ನು ಅಳೆಯಿರಿ. ಅದು 20 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ. ಆಗುತ್ತದೆ. ಅಂಥ ಮಾಪಕಕ್ಕೆ 314 ಮಿ.ಲೀ. ನೀರು ಹಾಕಿದರೆ 10 ಮಿ.ಮೀ. ಮಳೆಯೆಂದು ತೋರಿಸಬೇಕು. ನೀರನ್ನು ಒಮ್ಮೆಲೇ ಸುರಿಯಬಾರದು. ತಳದಲ್ಲಿ ಸೂಜಿಯಿಂದ ತೂತು ಮಾಡಿದ ಬಾಟಲಿಯಲ್ಲಿಟ್ಟು ಅರ್ಧ ಗಂಟೆಯಷ್ಟು ಹೊತ್ತು ತೊಟ್ಟಿಕ್ಕಲು ಬಿಡಿ. ಒಂಬತ್ತೂವರೆಯಿಂದ ಹತ್ತೂವರೆಯೊಳಗೆ ತೋರಿಸಿದರೆ ತೃಪ್ತಿಕರ. ಎಂಟೋ ಹನ್ನೆರಡೋ ತೋರಿಸಿದರೆ ಕೂರಿಸಿದವರನ್ನು ಕರೆಸಿ ಸರಿಪಡಿಸಿಕೊಳ್ಳಿ. ಬಾಯಿಯ ಅಳತೆ ಬೇರೆಯಿದ್ದರೆ ಲೆಕ್ಕವೂ ಬೇರೆ: ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 3.14ರಿಂದ ಗುಣಿಸಿದರೆ 10 ಮಿ.ಮೀ. ಮಳೆಗೆ ಬೇಕಾದ ಮಿ.ಲೀ. ಸಿಗುತ್ತದೆ.

ಹತ್ತಿರದಲ್ಲೇ ಒಂದು ಸಾದಾ ಮಳೆ ಮಾಪಕವನ್ನೂ ಇಟ್ಟು ದಿನವೂ ಬೆಳಿಗ್ಗೆ 8-30ಕ್ಕೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8-30ರಿಂದ ಮರುದಿನ 8-30ರವರೆಗೆ. ಮೊಬೈಲಿನಲ್ಲಿ ಕಾಣುವ ದಿನ ಹಲವು ಯಂತ್ರಗಳಲ್ಲಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಇರುತ್ತದೆ. ಬೆಳಗಿನ ಜಾವ ಸುರಿದ ಮಳೆ ಒಂದು ಲೆಕ್ಕದಲ್ಲಿ ನಿನ್ನೆಗೆ, ಇನ್ನೊಂದರಲ್ಲಿ ಇಂದಿಗೆ ಸೇರುತ್ತದೆ. ಎರಡೂ ತಾಳೆಯಾಗಲಿಲ್ಲವೆಂದು ಯಂತ್ರವನ್ನು ದೂರುವ ಮೊದಲು ಗಂಟೆಯ ಲೆಕ್ಕ ನೋಡಿ.

ಗಾಳಿಯ ತೇವಾಂಶ: ಮಾರ್ಗಶಿರದ ಮಂಜು ಕವಿದ ಬೆಳಗಿನಲ್ಲಿ ಅಥವಾ ಜಡಿಮಳೆಯ ರಾತ್ರಿಯಲ್ಲಿ ಅಂಕಿ ನೂರರ ಹತ್ತಿರ ಇರಬೇಕು. ಅಂಥ ಹೊತ್ತಿನಲ್ಲೂ 80 ಎಂದು ತೋರಿಸಿದರೆ ಸೆನ್ಸರು ಕೆಟ್ಟಿದೆ ಎಂದರ್ಥ.

ಮಣ್ಣಿನ ತೇವ: ಈ ಅಂಕಿಗೆ ತಾನಾಗಿಯೇ ಅರ್ಥವಿಲ್ಲ. ಕೆಮ್ಮಣ್ಣಿನ ಮರಳು ಗೋಡಿನಲ್ಲಿ 22 ಎಂದರೆ ಒಳ್ಳೆಯ ಹದವಿರಬಹುದು. ಕೆರೆ ಗೋಡು ಹೊಡೆಸಿದ ಜಿಗುಟು ಮಣ್ಣಿನಲ್ಲಿ ಅದೇ 22ಕ್ಕೆ ಮರ ಬಾಯಾರಿರಬಹುದು. ಆದ್ದರಿಂದ ನಿಮ್ಮ ಮಣ್ಣಿನ ಎರಡು ಗುರುತುಗಳನ್ನು ನೀವೇ ಕಂಡುಕೊಳ್ಳಬೇಕು. ಚೆನ್ನಾಗಿ ಮಳೆ ಬಂದ ಮೇಲೆ ಅಥವಾ ಧಾರಾಳವಾಗಿ ನೀರು ಕೊಟ್ಟ ಮೇಲೆ ಒಂದರಿಂದ ಎರಡು ದಿನ ಕಾಯಿರಿ. ಹೆಚ್ಚಿನ ನೀರು ಬಸಿದು, ಮುಷ್ಟಿ ಹಿಡಿದರೆ ಮಣ್ಣು ಉಂಡೆಯಾಗುವ ಹದ ಬಂದಾಗ ಯಂತ್ರ ತೋರಿಸುವ ಅಂಕಿಯೇ ಮೇಲಿನ ಗುರುತು. ಕೆಳಗಿನ ಗುರುತಿಗಾಗಿ ಮರಗಳನ್ನು ಒಣಗಿಸಬೇಕಾಗಿಲ್ಲ. ತೋಟದ ಹೊರಗೆ ಅದೇ ಬಗೆಯ ಮಣ್ಣಿನಲ್ಲಿ, ಬೇಸಗೆಯಲ್ಲಿ ಹುಲ್ಲು ಒಣಗಿದ ಕಡೆ, ಸೆನ್ಸರ್ ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಮಣ್ಣಿನ ಗುಣ ತಿಳಿಯಲು ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನೂ ಪಡೆಯಬಹುದು.

ಅಂಕಿಗಳಿಂದ ಕೆಲಸ ತೆಗೆಯುವುದು

ನೀರಾವರಿ: ನಮ್ಮ ಜಿಲ್ಲೆಯಲ್ಲಿ ಅಡಿಕೆ ನಿಂತಿರುವುದೇ ಕೊಳವೆ ಬಾವಿಯ ಮೇಲೆ. ವರ್ಷದ ಮಳೆ ಸುಮಾರು 800 ಮಿ.ಮೀ.; ಅಡಿಕೆಗೆ ಅದು ಸಾಲದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಸೇರಿದಂಥವು. ಹೀಗಿರುವಾಗ ಈ ಯಂತ್ರದ ಮೊದಲ ಲಾಭ ನೀರಿನ ಉಳಿತಾಯವೇ ಆಗಬೇಕು.

ಲೆಕ್ಕ ಹೀಗಿದೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು. ಹನಿ ನೀರಾವರಿಯಲ್ಲಿ ಬೇಸಗೆಯ ದಿನ ಮರವೊಂದಕ್ಕೆ 16ರಿಂದ 20 ಲೀಟರ್ ಎಂಬುದು ಸಾಮಾನ್ಯ ಶಿಫಾರಸು. 20 ಲೀಟರಿನಂತೆ ಎಕರೆಗೆ ದಿನಕ್ಕೆ 11,000 ಲೀಟರ್ ಆಯಿತು. ಬೇಸಗೆಯಲ್ಲಿ ಅನಗತ್ಯವಾದ ಹತ್ತು ದಿನದ ನೀರನ್ನು ನಿಲ್ಲಿಸಿದರೆ ಎಕರೆಗೆ ಒಂದು ಲಕ್ಷದ ಹತ್ತು ಸಾವಿರ ಲೀಟರ್ ಬಾವಿಯಲ್ಲೇ ಉಳಿಯುತ್ತದೆ.

ಯಾವ ದಿನ ನಿಲ್ಲಿಸಬಹುದು? ನಿಮ್ಮ ಮೇಲಿನ ಗುರುತು 28, ಕೆಳಗಿನ ಗುರುತು 14 ಎಂದಿಟ್ಟುಕೊಳ್ಳಿ. ಇವೆರಡರ ನಡುವಿನ ನೀರು ಮಾತ್ರ ಮರಕ್ಕೆ ದಕ್ಕುವಂಥದು. ಅದರಲ್ಲಿ ಅರ್ಧ ಖರ್ಚಾಗುವ ತನಕ, ಅಂದರೆ 21ರ ತನಕ ಇಳಿಯಲು ಬಿಟ್ಟು, ಆಮೇಲೆ ನೀರು ಕೊಡುವುದು ಒಂದು ಸುರಕ್ಷಿತ ಕ್ರಮ. ಭರಣಿ, ಕೃತ್ತಿಕೆಯ ಮಳೆ ಬಿದ್ದ ಮೇಲೆ ‘ಮಳೆ ಬಂತಲ್ಲ’ ಎಂದು ವಾರಗಟ್ಟಲೆ ಮೋಟಾರು ನಿಲ್ಲಿಸುವುದೂ, ‘ಮಳೆ ಸಾಲದು’ ಎಂದು ಮರುದಿನವೇ ಓಡಿಸುವುದೂ ಎರಡೂ ಊಹೆಯ ಕೆಲಸ. 10 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 40,000 ಲೀಟರ್. ಅದರಲ್ಲಿ ಸೋಗೆ, ತರಗಿನ ಮೇಲೆ ಉಳಿದು ಆರಿಹೋಗುವುದೂ ಉಂಟು. 25 ಸೆಂ.ಮೀ. ಆಳದ ಸೆನ್ಸರಿನ ಅಂಕಿ ಏರಿತೋ ಇಲ್ಲವೋ ನೋಡಿ ತೀರ್ಮಾನಿಸಿ.

60 ಸೆಂ.ಮೀ. ಆಳದ ಸೆನ್ಸರು ಇನ್ನೂ ಒಂದು ಪಾಠ ಹೇಳುತ್ತದೆ. ಪ್ರತಿ ಸಲ ನೀರು ಬಿಟ್ಟಾಗಲೂ ಅದರ ಅಂಕಿ ಮೇಲಕ್ಕೆ ನೆಗೆಯುತ್ತಿದ್ದರೆ ನೀರು ಬೇರನ್ನು ದಾಟಿ ಕೆಳಗೆ ಹೋಗುತ್ತಿದೆ, ಜೊತೆಗೆ ಗೊಬ್ಬರವೂ ಹೋಗುತ್ತಿದೆ. ಆಗ ಬಿಡುವ ಹೊತ್ತನ್ನು ಕಡಿಮೆ ಮಾಡಿ. ವಾರಗಟ್ಟಲೆ ಅದು ಇಳಿಯುತ್ತಲೇ ಇದ್ದರೆ ಮೇಲೆ ಒದ್ದೆಯಾಗಿ ಕಂಡರೂ ಮರಕ್ಕೆ ನೀರು ಸಾಲುತ್ತಿಲ್ಲ. ಹತ್ತು ನಿಮಿಷ ಮೊದಲೇ ಮೋಟಾರು ನಿಲ್ಲಿಸಬೇಕೇ, ಇನ್ನೂ ಹತ್ತು ನಿಮಿಷ ಬಿಡಬೇಕೇ ಎಂಬುದು ಹೀಗೆ ಗೊತ್ತಾಗುತ್ತದೆ.

ಔಷಧಿ ಸಿಂಪಡಣೆ: ಅಡಿಕೆಯ ಕೊಳೆರೋಗ ಮುಖ್ಯವಾಗಿ ಮಲೆನಾಡು ಮತ್ತು ಕರಾವಳಿಯ ಪಿಡುಗು. ಬಿಟ್ಟೂ ಬಿಡದೆ ಮಳೆ, 20ರಿಂದ 23 ಡಿಗ್ರಿಯ ತಂಪು, 90ಕ್ಕೂ ಮೀರಿದ ಗಾಳಿಯ ತೇವಾಂಶ ಇವು ಕೂಡಿದಾಗ ಅದು ಹಬ್ಬುತ್ತದೆ. ಆದರೆ ಇಂಥ ಅಂಕಿಗಳು ಕಂಡ ಮೇಲೆ ಸಿಂಪಡಿಸೋಣ ಎಂದು ಕಾಯಬಾರದು. ಶೇ. 1ರ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುನ್ನವೇ ಒಮ್ಮೆ, ಬಳಿಕ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುವ ಪದ್ಧತಿ ಹಾಗೆಯೇ ನಡೆಯಬೇಕು. ಯಂತ್ರದ ಸಹಾಯ ಏನೆಂದರೆ, ಗೊನೆ ಆರಿರುವ, ಗಾಳಿ ಕಡಿಮೆಯಿರುವ ಹೊತ್ತನ್ನು ಆರಿಸಿಕೊಳ್ಳುವುದಕ್ಕೆ ಮತ್ತು ಎಲೆ ತೇವದ ಗಂಟೆಗಳು ಹೆಚ್ಚಾಗುತ್ತಿದ್ದರೆ ಎರಡನೆಯ ಸಿಂಪಡಣೆಯನ್ನು ಮುಂದೂಡದೆ ಇರುವುದಕ್ಕೆ.

ಕಾಫಿ: ಮಲೆನಾಡಿನ ಸದಸ್ಯರಿಗೆ ಮಳೆ ಮಾಪಕದ ಬೆಲೆ ಗೊತ್ತೇ ಇದೆ. ಹೂ ಮಳೆಯ ಕಾಲದಲ್ಲಿ ಒಂದು ಬ್ಲಾಕಿಗೆ 1 ಇಂಚು ಬಿದ್ದು, ಗುಡ್ಡದಾಚೆಯ ಬ್ಲಾಕಿಗೆ 20 ಸೆಂಟು ಮಾತ್ರ ಬಿದ್ದಿರುತ್ತದೆ. ಅರೆಬರೆ ಮಳೆಗೆ ರೊಬಸ್ಟಾ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ತೋಟ ದೂರವಿದ್ದು ತಾವು ಪಟ್ಟಣದಲ್ಲಿರುವವರು ಬ್ಲಾಕಿಗೊಂದು ಮಾಪಕ ಇಟ್ಟರೆ ಸ್ಪ್ರಿಂಕ್ಲರನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬೇಡ ಎಂಬುದನ್ನು ಅಂದೇ ಹೇಳಿ ಕಳುಹಿಸಬಹುದು.

ಪಂಚಾಯ್ತಿ ಮಾಪಕ ಮತ್ತು ಬೆಳೆ ವಿಮೆ

ಇದನ್ನು ಪ್ರತಿಯೊಬ್ಬ ಸದಸ್ಯರೂ, ಯಂತ್ರ ಕೊಳ್ಳದವರೂ, ಗಮನವಿಟ್ಟು ಓದಬೇಕು. 2016ರಿಂದ ಜಾರಿಯಲ್ಲಿರುವ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಅಧಿಸೂಚಿತ ಪ್ರದೇಶಗಳ ಅಡಿಕೆಗೆ ವಿಮೆ ಇದೆ. ತೋಟಗಾರಿಕೆ ಬೆಳೆಗಳಿಗೆ ರೈತನ ಪಾಲಿನ ಕಂತು ಗರಿಷ್ಠ ಶೇ. 5. ಈ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ನಷ್ಟ ಅಳೆಯುವುದಿಲ್ಲ. ಗೊತ್ತುಪಡಿಸಿದ ಮಾಪಕದಲ್ಲಿ ದಾಖಲಾದ ಅಂಕಿಯ ಮೇಲೆಯೇ ಪರಿಹಾರ ತೀರ್ಮಾನವಾಗುತ್ತದೆ. ನಿಮ್ಮ ಸ್ವಂತ ಯಂತ್ರ ಎಷ್ಟೇ ನಿಖರವಾಗಿದ್ದರೂ ವಿಮೆಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಹಾಗೆಂದು ಅದು ನಿರುಪಯೋಗಿಯಲ್ಲ. ನಿಮ್ಮ ಪಂಚಾಯ್ತಿಯ ಮಾಪಕ ಎಲ್ಲಿದೆಯೆಂದು ತಿಳಿದುಕೊಳ್ಳಿ. ಒಮ್ಮೆ ಹೋಗಿ ನೋಡಿ ಬನ್ನಿ. ಪಕ್ಕದಲ್ಲಿ ಮರ ಬೆಳೆದು ಕೊಂಬೆ ಚಾಚಿದೆಯೇ? ಹೊಸ ಕಟ್ಟಡ ಎದ್ದಿದೆಯೇ? ಊರಿಗೆಲ್ಲ ಮಳೆ ಸುರಿದ ದಿನ ಅಲ್ಲಿ ಸೊನ್ನೆಯೆಂದೋ ಖಾಲಿಯೆಂದೋ ದಾಖಲಾಗಿದೆಯೇ? ನಿಮ್ಮ ಯಂತ್ರ ಮತ್ತು ಮಳೆ ಪುಸ್ತಕದ ಜೊತೆ ತಾಳೆ ನೋಡಿ, ವ್ಯತ್ಯಾಸ ಕಂಡ ವಾರದಲ್ಲೇ ಪಂಚಾಯ್ತಿಗೂ ತೋಟಗಾರಿಕೆ ಇಲಾಖೆಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಹಂಗಾಮು ಮುಗಿದು ಪರಿಹಾರದ ಪಟ್ಟಿ ಬಂದ ಮೇಲೆ ಕೂಗಿದರೆ ಕೇಳುವವರು ಯಾರು? ಒಬ್ಬರ ಅರ್ಜಿಗಿಂತ ಹತ್ತು ಜನರ ಮಳೆ ಪುಸ್ತಕಕ್ಕೆ ತೂಕ ಹೆಚ್ಚು.

ನಿರ್ವಹಣೆ

ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಆಲಿಕೆಯಲ್ಲಿ ಕುಳಿತ ಎಲೆ, ಧೂಳು, ಹಕ್ಕಿ ಹಿಕ್ಕೆ ತೆಗೆದು ತೊಳೆಯಿರಿ. ಬಟ್ಟಲಿನ ಬಳಿ ಇರುವೆ, ಜೇಡ, ಕಣಜ ಗೂಡು ಕಟ್ಟಿದ್ದರೆ ಬಿಡಿಸಿ. ಬಟ್ಟಲಿಗೆ ಎಣ್ಣೆ ಮಾತ್ರ ಹಚ್ಚಬೇಡಿ. ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಿಳಿ ಗೂಡಿನ ಧೂಳನ್ನು ಕುಂಚದಿಂದ ತೆಗೆಯಿರಿ. ಬೋರ್ಡೋ ಹೊಡೆಯುವ ದಿನ ಎಲೆ ತೇವದ ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೆಲಸ ಮುಗಿದೊಡನೆ ತೆಗೆಯಿರಿ. ಮೈಲುತುತ್ತದ ಕಲೆ ಕುಳಿತರೆ ಅದು ಒಣಗಿದ್ದಾಗಲೂ ಒದ್ದೆಯೆಂದು ಹೇಳೀತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಮೇಲೆ ಹೇಳಿದ ಬಾಟಲಿ ಪರೀಕ್ಷೆಯನ್ನು ಮತ್ತೆ ಮಾಡಿ.

ಕೊಳ್ಳುವ ಮುನ್ನ

ಬೆಲೆ ಕೇಳಿದ ಮೇಲೆ ಈ ಪ್ರಶ್ನೆಗಳನ್ನೂ ಕೇಳಿ. ವರ್ಷ ವರ್ಷ ಕಟ್ಟಬೇಕಾದ ಶುಲ್ಕವೆಷ್ಟು? ಅದನ್ನು ಕಟ್ಟದಿದ್ದರೆ ಯಂತ್ರ ಪೂರ್ತಿ ನಿಲ್ಲುತ್ತದೆಯೇ? ಹಳೆಯ ಅಂಕಿಗಳನ್ನು ನಮ್ಮ ಕೈಗೆ ಕೊಡುತ್ತೀರಾ? ನಮ್ಮ ತೋಟದ ಅಂಕಿಗಳನ್ನು ಬೇರೆ ಯಾರಿಗಾದರೂ ಮಾರುತ್ತೀರಾ? ಸೆನ್ಸರು ಕೆಟ್ಟರೆ ಅದೊಂದನ್ನೇ ಬದಲಿಸಬಹುದೇ, ಎಷ್ಟು ದಿನದಲ್ಲಿ ಬರುತ್ತೀರಿ? ಎಚ್ಚರಿಕೆಯ ಸಂದೇಶ ಕನ್ನಡದಲ್ಲಿ ಬರುತ್ತದೆಯೇ? ಉತ್ತರಗಳನ್ನು ಬಾಯಿ ಮಾತಿಗೆ ಬಿಡದೆ ಬರೆಸಿಕೊಳ್ಳಿ.

ಎರಡು ಮೂರು ಎಕರೆಯ ಸದಸ್ಯರು ಪೂರ್ಣ ಯಂತ್ರವನ್ನು ಒಬ್ಬೊಬ್ಬರೇ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅಕ್ಕಪಕ್ಕದ ಐದಾರು ತೋಟಗಳಿಗೆ ಉಷ್ಣತೆ, ತೇವಾಂಶ, ಗಾಳಿ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಇವಕ್ಕೆ ಒಂದೇ ಕಂಬವನ್ನು ಕೂಡಿ ಕೊಂಡು, ಮಣ್ಣಿನ ಸೆನ್ಸರನ್ನು ಮಾತ್ರ ತೋಟಕ್ಕೊಂದರಂತೆ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಮಳೆಯ ಲೆಕ್ಕಕ್ಕೆ ಪ್ರತಿ ತೋಟದಲ್ಲೂ ಒಂದು ಸಾದಾ ಮಾಪಕವಿರಲಿ. ಈಗಲೇ ಹಣ ಹಾಕಲು ಆಗದವರೂ ಸುಮ್ಮನಿರಬೇಕಿಲ್ಲ. ಸಾದಾ ಮಳೆ ಮಾಪಕ ಮತ್ತು ನೂರು ಹಾಳೆಯ ಒಂದು ಪುಸ್ತಕ ಇಟ್ಟುಕೊಂಡು ಈ ಮುಂಗಾರಿನಿಂದಲೇ ಲೆಕ್ಕ ಆರಂಭಿಸಿ. ಮುಂದೆ ಯಂತ್ರ ಬಂದಾಗ ಅದರ ಮಾತು ನಿಜವೋ ಸುಳ್ಳೋ ಎಂದು ಒರೆಹಚ್ಚಲು ಆ ಪುಸ್ತಕವೇ ಸಾಕ್ಷಿಯಾಗುತ್ತದೆ.

ಕೂಡಿ ಕೊಳ್ಳಲು ಇಷ್ಟವುಳ್ಳ ಸದಸ್ಯರು ತಮ್ಮ ಹೋಬಳಿ, ತೋಟದ ವಿಸ್ತೀರ್ಣ ಮತ್ತು ನೀರಿನ ವ್ಯವಸ್ಥೆಯನ್ನು ಬರೆದು ಸಂಘದ ಕಚೇರಿಗೆ ತಲುಪಿಸಿದರೆ, ಒಂದೊಂದು ಹೋಬಳಿಯ ಸದಸ್ಯರನ್ನು ಒಟ್ಟುಗೂಡಿಸಿ ಮುಂದಿನ ಮಾತುಕತೆ ನಡೆಸಬಹುದು. ತಮ್ಮ ಪಂಚಾಯ್ತಿಯ ಮಳೆ ಮಾಪಕವನ್ನು ನೋಡಿ ಬಂದವರು ಅದರ ಸ್ಥಿತಿಯನ್ನೂ ಅದೇ ಪತ್ರದಲ್ಲಿ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ